ಎರಡು ಬಾಟಲಿ ನೀರು

ಬಿಸಿಲಿಗೆ ಕಾದ ತಾಡಪತ್ರಿಯ ಮೇಲೆ ಮಳೆಯ ಮೊದಲ ಹನಿಗಳು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮೇಣ, ಧೂಳು, ಹಳೆಯ ಸೆಣಬು, ಅದರೊಳಗೆಲ್ಲೋ ತೆಳ್ಳಗೆ ಸೀಮೆಎಣ್ಣೆ. ಮೊನ್ನೆ ಮಿಯಾಪುರದಲ್ಲಿ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿಯುವಾಗ ಇದ್ದಕ್ಕಿದ್ದಂತೆ ಮಳೆ ಹಿಡಿಯಿತು. ಪೇರಲಹಣ್ಣು ಮಾರುವ ಹೆಂಗಸೊಬ್ಬಳು ತನ್ನ ಬಂಡಿಯ ಮೇಲೆ ಹಸಿರು ತಾಡಪತ್ರಿಯನ್ನು ಎಳೆದು ಹೊದಿಸಿದಳು. ಆ ವಾಸನೆ ಮೂಗಿಗೆ ಬಡಿದು ನಾನು ಕೊಡೆ ಬಿಚ್ಚುವುದನ್ನೂ ಮರೆತು ನಿಂತೆ. ಹಿಂದಿನಿಂದ ಬರುವವರು ನನ್ನ ಭುಜ ತಾಕಿಸಿಕೊಂಡು ಬೈದುಕೊಂಡು ಹೋದರು. ಆ ವಾಸನೆ ನನ್ನ ಬೆನ್ನಿಗೆ ಅಂಟಿದ್ದು ನನಗೆ ಹನ್ನೆರಡು ವರ್ಷವಿದ್ದಾಗ. ಅದರ ಜೊತೆಗೇ ಅಂಟಿದ ಇನ್ನೊಂದು ಸಂಗತಿಯನ್ನು ಇಷ್ಟು ವರ್ಷ ಬರೆಯದೆ ಇಟ್ಟುಕೊಂಡಿದ್ದೆ. ನೀವೂ ಬಾಲ್ಯದ ಮನೆಯೊಂದನ್ನು ಕಳೆದುಕೊಂಡವರಾದರೆ ನನ್ನ ಮಾತು ನಿಮಗೆ ತಿಳಿದೀತು. ಕಾಲ ಕಸಿದುಕೊಂಡದ್ದಕ್ಕೆ ಅಳಬಹುದು. ನಮ್ಮ ಕೈಯಿಂದಲೇ ಹಾಳಾದದ್ದಕ್ಕೆ ಅಳಲೂ ಸಂಕೋಚವಾಗುತ್ತದೆ.

ನಮ್ಮ ಮನೆ ಈಗ ನಿಲ್ದಾಣದ ವಾಹನಗಳು ಸಾಲಾಗಿ ನಿಲ್ಲುವ ಜಾಗದಲ್ಲೇ ಎಲ್ಲೋ ಇತ್ತು. ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕದಲ್ಲಿ ಬೇವಿನ ಮರ. ಆಗ ಮಿಯಾಪುರದಲ್ಲಿ ಇನ್ನೂ ಎಮ್ಮೆಗಳಿದ್ದವು. ಸಂಜೆ ಕೆರೆಯಿಂದ ಬರುವ ಅವುಗಳ ಮೈಯಿಂದ ಕೆಸರು ತೊಟ್ಟಿಕ್ಕಿ ಓಣಿಯುದ್ದಕ್ಕೂ ಕಪ್ಪು ಗೆರೆ ಬೀಳುತ್ತಿತ್ತು. ನಾವು ರಾಯಚೂರು ಕಡೆಯವರು, ದುಡಿಮೆಗೆಂದು ಈ ತೆಲುಗು ಶಹರಕ್ಕೆ ಬಂದವರು. ಹೊರಗೆ ತೆಲುಗು, ಅಂಗಡಿಯಲ್ಲಿ ಹಿಂದಿ, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಅಪ್ಪ ಭೂಮಿ ಅಳೆಯುವವರ ಕೈಕೆಳಗೆ ಕೆಲಸ ಮಾಡುತ್ತಿದ್ದ. ಸರಪಳಿಯನ್ನೂ ಕೆಂಪು ಬಿಳಿ ಪಟ್ಟಿಯ ಕೋಲನ್ನೂ ಹೊತ್ತು ಮಾದಾಪುರದ ಬಂಡೆಗಳ ಮೇಲೆ ದಿನವಿಡೀ ಅಲೆಯುತ್ತಿದ್ದ. ಅವನು ಕೋಲು ನೆಟ್ಟ ಕಡೆಯೆಲ್ಲ ಎರಡು ವರ್ಷದೊಳಗೆ ಗಾಜಿನ ಕಟ್ಟಡ ಏಳುತ್ತಿತ್ತು. ಒಮ್ಮೆ ಕೋಲು ನೆಟ್ಟ ಜಾಗಕ್ಕೆ ಮತ್ತೆ ಹೋಗಲು ಕಾವಲುಗಾರರು ಬಿಡುತ್ತಿರಲಿಲ್ಲ. ಅಪ್ಪನ ಅಕ್ಕ ಶಾಂತತ್ತಿ ನಮ್ಮ ಜೊತೆಗೇ ಇದ್ದಳು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಮ್ಮಂದಿರ ಬಳಿಗೆ ಬಂದವಳು, ಜೀಡಿಮೆಟ್ಲಾದ ಒಂದು ಗುಳಿಗೆ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಹಿಡಿದಿದ್ದಳು. ಬೆಳ್ಳಿ ಹಾಳೆಯ ಗುಳಿಗಳಲ್ಲಿ ಕೂತ ಗುಳಿಗೆಗಳು ಅವಳ ಮುಂದಿನ ಪಟ್ಟಿಯ ಮೇಲೆ ಹರಿದುಹೋಗುತ್ತಿದ್ದವು. ಎಲ್ಲಿ ಒಂದು ಗುಳಿ ಖಾಲಿ ಉಳಿದಿದ್ದರೂ ಅವಳ ಕೈ ಅಲ್ಲಿಗೆ ಹೋಗುತ್ತಿತ್ತು. ಅವಳ ಕಣ್ಣು ತಪ್ಪಿಸಿ ಒಂದು ಹಾಳೆಯೂ ಹೋದದ್ದಿಲ್ಲ ಎಂದು ಅವಳ ಜೊತೆಗಾರ್ತಿಯರು ಮನೆಗೆ ಬಂದಾಗ ಹೇಳುತ್ತಿದ್ದರು. ಅವಳ ಸೀರೆಗೆ, ಕೂದಲಿಗೆ ಸದಾ ಒಂದು ಕಹಿ ಔಷಧದ ವಾಸನೆ. ನಾನು ಆ ವಾಸನೆಯ ಪಕ್ಕದಲ್ಲೇ ಮಲಗಿ ದೊಡ್ಡವಳಾದೆ.

ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಅಪ್ಪ ಮತ್ತು ಶಾಂತತ್ತಿ ಮೂರು ದಿನ ಮನೆಯಲ್ಲಿರುತ್ತಿರಲಿಲ್ಲ. ಬೆನ್ನಿಗೆ ಚೀಲ ಕಟ್ಟಿಕೊಂಡು, ಶ್ರೀಶೈಲದ ಬಸ್ಸು ಹತ್ತಿ, ನಡುದಾರಿಯಲ್ಲೇ ಇಳಿದು ನಲ್ಲಮಲದ ಕಾಡಿನೊಳಕ್ಕೆ ನಡೆದುಬಿಡುತ್ತಿದ್ದರು. ಶಾಂತತ್ತಿ ಒಂಬತ್ತು ವರ್ಷದವಳಿದ್ದಾಗ ಅಜ್ಜನ ಜೊತೆ ಊರಿನಿಂದ ಆ ಕಾಡು ಹಾಯ್ದು ಶ್ರೀಶೈಲದ ಮಲ್ಲಯ್ಯನ ಗುಡಿಯವರೆಗೆ ನಡೆದಿದ್ದಳಂತೆ. ಯಾವ ಹಳ್ಳ ಯಾವಾಗ ಬತ್ತುತ್ತದೆ, ಬಂಡೆಯ ಯಾವ ದೊಣೆಯಲ್ಲಿ ನೀರು ನಿಲ್ಲುತ್ತದೆ ಎಂಬುದನ್ನೆಲ್ಲ ಅಜ್ಜ ಅವಳಿಗೆ ತೋರಿಸಿಕೊಟ್ಟಿದ್ದ. ದೊಡ್ಡವಳಾದ ಮೇಲೆ ಅವಳಿಗೆ ಗುಡಿಗಿಂತ ದಾರಿಯೇ ಮುಖ್ಯವಾಗಿತ್ತು. ಎಷ್ಟೋ ವರ್ಷ ಅವರು ಗುಡಿಯವರೆಗೆ ಹೋಗದೆಯೇ ತಿರುಗಿ ಬಂದದ್ದುಂಟು. ಅಪ್ಪನಿಗೆ ಕೋಲು ಹೊರದೆ ನಡೆಯಲು ಸಿಗುತ್ತಿದ್ದ ಮೂರೇ ದಿನಗಳು ಅವು. ಅವ್ವನನ್ನು ಕರೆದರೆ, "ನನಗ ಒಲಿಯಿಂದ ಬಚ್ಚಲಕ್ಕ ನಡದದ್ದೇ ಸಾಕಾಗೇತಿ" ಎಂದು ನಗುತ್ತಿದ್ದಳು. ಅವರು ತಿರುಗಿ ಬಂದಾಗ ಅಂಗಳದ ಕಲ್ಲಿನ ಮೇಲೆ ಸೀತಾಫಲಗಳ ರಾಶಿ ಬೀಳುತ್ತಿತ್ತು. ಶಾಂತತ್ತಿಯ ಕೂದಲಿನಲ್ಲಿ ಆಗ ಮಾತ್ರ ಔಷಧದ ಬದಲು ಹೊಗೆಯ, ಒಣಹುಲ್ಲಿನ ವಾಸನೆ ಇರುತ್ತಿತ್ತು. ಒಂದು ವಾರ ಅವಳು ಸುಮ್ಮಸುಮ್ಮನೆ ನಗುತ್ತಿದ್ದಳು. "ನನ್ನೂ ಕರಕೊಂಡು ಹೋಗು" ಎಂದು ನಾನು ಗಂಟು ಬೀಳುತ್ತಿದ್ದೆ. "ನಿನ್ನ ಚೀಲ ನೀನ ಹೊರೂವಂಗ ಆಗು, ಆಮ್ಯಾಲೆ" ಎನ್ನುತ್ತಿದ್ದಳು.

ನನ್ನ ಹನ್ನೆರಡನೆಯ ವರ್ಷಕ್ಕೆ ಆ ಮಾತಿನ ದಿನ ಬಂತು. ಆ ವರ್ಷ ಕಾಕಾನೂ ಹೊರಟ. ಅಪ್ಪನ ತಮ್ಮ ಅವನು. ಶಾಂತತ್ತಿಯೇ ಎತ್ತಿ ಆಡಿಸಿ, ತನ್ನ ದುಡಿಮೆಯಲ್ಲಿ ಓದಿಸಿದವನು. ಈಗ ಹೈಟೆಕ್ ಸಿಟಿಯಲ್ಲಿ ಕಂಪ್ಯೂಟರ್ ಕೆಲಸ, ಮಣಿಕೊಂಡದಲ್ಲಿ ಹೊಸ ಫ್ಲಾಟು. ಅವನ ಮಗಳು ಪೂಜಾ ನನ್ನ ವಾರಿಗೆಯವಳು. "ನಮ್ಮ ಹುಡುಗಿ ಟೀವಿ ಬಿಟ್ಟು ಏಳೂದಿಲ್ಲಕ್ಕಾ, ಒಮ್ಮೆ ಮಣ್ಣಿನ ಮ್ಯಾಲೆ ನಡೀಲಿ" ಎಂದು ಕಾಕಾ ಬಂದು ಹೇಳಿದಾಗ ಶಾಂತತ್ತಿಯ ಮುಖ ಬೆಳಗಿಹೋಯಿತು. ಇಬ್ಬರು ತಮ್ಮಂದಿರೂ ಮಕ್ಕಳೂ ಅವಳ ಕಾಡಿಗೆ ಬರುತ್ತಿದ್ದರಲ್ಲ. ಒಂದು ತಿಂಗಳು ಮೊದಲಿಂದ ತಯಾರಿ ನಡೆಯಿತು. ಕಾರ್ಖಾನೆಯವರು ಗುಜರಿಗೆ ಹಾಕಿದ್ದ ಲಾರಿಯ ಹಳೆಯ ತಾಡಪತ್ರಿಯನ್ನು ಕೇಳಿ ತಂದು, ಭಾನುವಾರಗಳೆಲ್ಲ ಕೂತು ನನಗೊಂದು ಚೀಲ ಹೊಲಿದಳು. ದಪ್ಪ ಸೂಜಿ ಅವಳ ಬೆರಳಿಗೆ ಎರಡು ಸಲ ಚುಚ್ಚಿತು. ಭುಜದ ಪಟ್ಟಿಗೆ ತನ್ನ ಹಳೆಯ ಸೀರೆಯನ್ನು ಮಡಿಚಿ ಮಡಿಚಿ ತುಂಬಿದಳು, ನನ್ನ ಎಲುಬಿಗೆ ಒತ್ತಬಾರದೆಂದು. ಅದನ್ನು ಬೆನ್ನಿಗೆ ಹಾಕಿಕೊಂಡು ನಾನು ಅಂಗಳದಲ್ಲಿ ಮೆರೆದೆ. ಆ ಸಂಭ್ರಮವೆಲ್ಲ ನಾವು ಬಸ್ ನಿಲ್ದಾಣ ಮುಟ್ಟುವವರೆಗೆ ಮಾತ್ರ. ಅಲ್ಲಿ ಪೂಜಾ ನೇರಳೆ ಬಣ್ಣದ, ಜಿಪ್ಪುಗಳಿದ್ದ, ಪಕ್ಕದ ಬಲೆಯಲ್ಲಿ ಒಂದೇ ಒಂದು ಪುಟ್ಟ ನೀರಿನ ಬಾಟಲಿ ಸಿಕ್ಕಿಸಿದ ಚೀಲ ಹಾಕಿಕೊಂಡು ನಿಂತಿದ್ದಳು. ನನ್ನ ಸುತ್ತ ಒಂದು ಸುತ್ತು ಬಂದು, "ಯೇ ಲಾರಿ ಕಾ ಕಪ್ಡಾ ಹೈ ಕ್ಯಾ?" ಎಂದಳು. ಅವಳು ಅಣಕಿಸಿದ್ದಲ್ಲ, ಇದು ಲಾರಿಯ ಬಟ್ಟೆಯೇನು ಎಂದು ನಿಜವಾಗಿ ಕೇಳಿದ್ದು. ನಾನು "ಅಲ್ಲ" ಎಂದೆ. ಶಾಂತತ್ತಿ ಪಕ್ಕದಲ್ಲೇ ನಿಂತು ನನ್ನ ಪಟ್ಟಿ ಸರಿಮಾಡುತ್ತಿದ್ದಳು. ಅವಳ ಕೈ ಒಂದು ಕ್ಷಣ ನಿಂತು ಮತ್ತೆ ಪಟ್ಟಿ ಎಳೆಯಿತು.

ಮೊದಲ ದಿನದ ನಡಿಗೆ ಇಂದಿಗೂ ನನ್ನ ಕಾಲುಗಳಲ್ಲಿದೆ. ರಸ್ತೆ ಬಿಟ್ಟು ಹತ್ತು ಹೆಜ್ಜೆ ಒಳಗೆ ಹೋದದ್ದೇ ಲಾರಿಗಳ ಸದ್ದು ಬಾಗಿಲು ಹಾಕಿದಂತೆ ನಿಂತುಹೋಯಿತು. ಹುಲ್ಲು ನಮ್ಮ ತಲೆಗಿಂತ ಎತ್ತರ, ತುದಿಯಲ್ಲಿ ಹಳದಿ, ಬುಡದಲ್ಲಿ ಇನ್ನೂ ಹಸಿರು. ತೇಗದ ಎಲೆಗಳು ತೂತು ಬಿದ್ದು ಜಾಳಿಗೆಯಂತಾಗಿದ್ದವು. ಬಿಸಿಲು ಅವುಗಳಿಂದ ಸೋಸಿ ಅಪ್ಪನ ಬೆನ್ನಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತಿತ್ತು. ಅಪ್ಪ ಸಿಳ್ಳೆ ಹಾಕುತ್ತಿದ್ದ. ಅವನಿಗೆ ಸಿಳ್ಳೆ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. "ಇಲ್ಲಿ ಯಾರೂ ಅಳೀಯಾಕ ಬರೂದಿಲ್ಲವ್ವಾ" ಎಂದು ನನ್ನ ಕಡೆ ತಿರುಗಿ ಹೇಳಿದ. ಮಧ್ಯಾಹ್ನ ಹಳ್ಳದ ದಂಡೆಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ. ಸಂಜೆ ಇನ್ನೊಂದು ಹಳ್ಳದ ಪಕ್ಕ ಬಿಡಾರ ಹೂಡಿದೆವು. ದಾರಿಯುದ್ದಕ್ಕೂ ನೀರಿನ ಸದ್ದು. ಶಾಂತತ್ತಿ ಎಲ್ಲರಿಗಿಂತ ಮುಂದೆ. ಸೀರೆಯನ್ನು ಕಚ್ಚೆ ಹಾಕಿ, ತಲೆಗೆ ಟವೆಲ್ ಸುತ್ತಿ, ಅರ್ಧ ಗಂಟೆಗೊಮ್ಮೆ ನಿಂತು ನಮಗೆ ಎರಡೆರಡು ಗುಟುಕು ನೀರು ಕುಡಿಸಿ ಮುಂದೆ ಸಾಗುತ್ತಿದ್ದಳು. ಅವಳು ಕೈ ಎತ್ತಿದರೆ ಎಲ್ಲರೂ ನಿಲ್ಲುತ್ತಿದ್ದೆವು, ಕಾಕಾನೂ. ಕಾರ್ಖಾನೆಯಿಂದ ಕಾಲೆಳೆದುಕೊಂಡು ಬರುತ್ತಿದ್ದ ಹೆಂಗಸು ಇವಳೇ ಏನು ಎಂದು ನನಗೆ ಅಚ್ಚರಿಯಾಗಬೇಕಿತ್ತು, ಹೆಮ್ಮೆಯಾಗಬೇಕಿತ್ತು. ನಾನು ಮಾತ್ರ ಪೂಜಾಳ ಕಣ್ಣಿನಿಂದ ಅವಳ ಕಚ್ಚೆಯನ್ನು ನೋಡುತ್ತಿದ್ದೆ. ಅವಳು "ಬಾರವ್ವಾ" ಎಂದು ಕೂಗಿದಾಗ ಪೂಜಾ ಮೆಲ್ಲಗೆ ಆ ಧ್ವನಿಯನ್ನು ಅನುಕರಿಸಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಎರಡನೆಯ ದಿನ ಗುಡ್ಡ ಹತ್ತಿ ಆ ಕಡೆಗೆ ಇಳಿಯುವ ದಿನ. ಮುಂಜಾನೆ ಮಂಜು ಇನ್ನೂ ಹಳ್ಳದ ಮೇಲಿರುವಾಗಲೇ ಶಾಂತತ್ತಿ ಮೊಳಕಾಲವರೆಗೆ ನೀರಿಗಿಳಿದು ಬಾಟಲಿ, ಕ್ಯಾನುಗಳನ್ನೆಲ್ಲ ತುಂಬಿದಳು. ಎಲ್ಲರಿಗೂ ದಾರಿಯ ನೀರು ಬೇರೆ ಬೇರೆ. ಅದಲ್ಲದೆ ಎರಡೆರಡು ಲೀಟರಿನ ಎರಡು ಬಾಟಲಿಗಳನ್ನು ತುಂಬಿ, ಬಿರಡೆಗಳನ್ನು ಬಿಗಿ ಮಾಡಿ, ಬೋರಲು ಹಿಡಿದು ಸೋರುವುದಿಲ್ಲವೆಂದು ನೋಡಿ, ನನ್ನ ಚೀಲದ ತಳದಲ್ಲಿಟ್ಟಳು. "ಗುಡ್ಡದ ನೆತ್ತಿ ಮ್ಯಾಲೆ ದೊಣಿ ಐತಿ, ನೀರ ಇರತಾವ. ಮಳಿ ಕಡಿಮಿ ಆಗೇತಿ ಈ ವರ್ಷ, ಇರಲಿಲ್ಲಂದ್ರ ಇವು ಬೇಕು. ಅಲ್ಲೀತನಾ ಮುಟ್ಟಬ್ಯಾಡ. ನೀ ಈಗ ದೊಡ್ಡಾಕಿ ಆಗಿ ಅಂತ ನಿನ್ನ ಕೈಯಾಗ ಕೊಡಾಕತ್ತೀನಿ" ಎಂದಳು. ಎಲ್ಲರೂ ಬೇರೆ ಗಂಟು ಕಟ್ಟುವುದರಲ್ಲಿದ್ದರು. ಅವಳು ತುಂಬಿದ್ದನ್ನು ನೋಡಿದ್ದು ನಾನೊಬ್ಬಳೇ.

ಏರು ಶುರುವಾದ ಅರ್ಧ ತಾಸಿಗೆ ನನ್ನ ಭುಜ ಉರಿಯತೊಡಗಿತು. ಪೂಜಾ ತನ್ನ ಹಗುರ ಚೀಲ ಕುಣಿಸುತ್ತ ಮುಂದೆ ಮುಂದೆ ಹೋಗುತ್ತಿದ್ದಳು. ನಾನು ಹಿಂದೆ ಬಿದ್ದೆ. ಹಿಂದೆ ಬಿದ್ದದ್ದಕ್ಕಿಂತ ಹೆಚ್ಚು ಚುಚ್ಚಿದ್ದು, ನನಗಾಗಿ ಅವಳು ನಿಂತು ಕಾಯುವಾಗ ಅವಳ ಮುಖದಲ್ಲಿ ಕಾಣುತ್ತಿದ್ದ ಬೇಸರ. "ಅಷ್ಟು ಭಾರ ಯಾಕೆ ಹೊರ್ತಿದ್ದೀಯ? ಚೆಲ್ಬಿಡು. ಎಲ್ಲಾ ಕಡೆ ನೀರಿದೆಯಲ್ಲ" ಎಂದಳು ತನ್ನ ಅಮ್ಮನ ಮೈಸೂರು ಕನ್ನಡದಲ್ಲಿ. ಹೇಳಿ ಅವಳು ಮುಂದಕ್ಕೆ ಹೋದಳು. ನಾನು ಒಂದು ನೆಲ್ಲಿಮರದ ಹಿಂದೆ ಕೂತು ಮೊದಲ ಬಾಟಲಿಯ ಬಿರಡೆ ತೆಗೆದೆ. ಅರ್ಧ ಚೆಲ್ಲಿದರೆ ಸಾಕು ಎಂದುಕೊಂಡಿದ್ದೆ. ನೀರು ಗುಳುಗುಳು ಎಂದು ಒಣ ಎಲೆಗಳ ಮೇಲೆ ಬಿದ್ದು ಮಣ್ಣಿಗೆ ಇಳಿಯುವುದನ್ನು ನೋಡುತ್ತ ಕೈ ನಿಲ್ಲಲಿಲ್ಲ. ಎರಡನೆಯದನ್ನೂ ಚೆಲ್ಲಿದೆ. ಬಿರಡೆಗಳನ್ನು ಶಾಂತತ್ತಿ ಮಾಡಿದಷ್ಟೇ ಬಿಗಿಯಾಗಿ ತಿರುವಿ ಚೀಲದ ತಳಕ್ಕಿಟ್ಟೆ. ಎದ್ದು ನಿಂತಾಗ ಮೈ ಹಕ್ಕಿಯಂತೆ ಹಗುರವಾಗಿತ್ತು. ಓಡಿಹೋಗಿ ಪೂಜಾಳನ್ನು ಸೇರಿಕೊಂಡೆ. ಅವಳು ನನ್ನ ಚೀಲವನ್ನು ನೋಡಿ, ನನ್ನ ಮುಖ ನೋಡಿ, ನಕ್ಕು ಕೈ ಹಿಡಿದಳು. ನೆತ್ತಿ ಮುಟ್ಟುವವರೆಗೆ ನಾನು ಎಷ್ಟು ಸುಖವಾಗಿದ್ದೆನೆಂದು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ನೆತ್ತಿ ಮುಟ್ಟಿದಾಗ ಮಟಮಟ ಮಧ್ಯಾಹ್ನ. ಬಂಡೆಯ ದೊಣೆಯಲ್ಲಿ ಬಿರಿದ ಕೆಸರು, ಅದರ ನಡುವೆ ಯಾವುದೋ ಪ್ರಾಣಿಯ ಗೊರಸಿನ ಗುರುತು. ಕಾಕಾನ ನೀರು ಯಾವಾಗಲೋ ಮುಗಿದಿತ್ತು, ಅಪ್ಪನ ಕ್ಯಾನಿನಲ್ಲಿ ಎರಡು ಗುಟುಕು. ಶಾಂತತ್ತಿ ಗಾಬರಿಯಾಗಲಿಲ್ಲ. "ಅದಕ್ಕ ಹೇಳೂದು ನಾ. ಗಿರಿಜಾನ ಚೀಲದಾಗ ನಾಕು ಲೀಟರ್ ಐತಿ. ಎಲ್ಲಾರೂ ನೆರಳಿಗೆ ಕೂಡ್ರಿ" ಎಂದು ನನ್ನ ಚೀಲಕ್ಕೆ ಕೈ ಹಾಕಿದಳು. ಅವಳ ಕೈಗೆ ಬಾಟಲಿಯ ಹಗುರ ತಿಳಿದ ಆ ಗಳಿಗೆಯನ್ನು ನಾನು ನೋಡಿದೆ. ಬಾಟಲಿಯನ್ನು ಮೇಲೆತ್ತಿ ಬೆಳಕಿಗೆ ಹಿಡಿದಳು. ಇನ್ನೊಂದನ್ನೂ ಹಿಡಿದಳು. ಬಿರಡೆ ಮುಟ್ಟಿ ನೋಡಿದಳು. "ನಾ ತುಂಬೀನಲ್ಲ..." ಎಂದಳು. ಎಲ್ಲರೂ ನನ್ನ ಕಡೆ ನೋಡಿದರು. ಪೂಜಾ ನೆಲ ನೋಡುತ್ತಿದ್ದಳು. ನನ್ನ ಬಾಯಿಂದ ಬಂದ ಮಾತನ್ನು ಯಾರೂ ಹೇಳಿಕೊಟ್ಟದ್ದಲ್ಲ. "ಅತ್ತಿ ತುಂಬೇ ಇಲ್ಲ. ಮುಂಜಾನೆಯಿಂದ ಚೀಲ ಹಗರೇ ಇತ್ತು. ಈ ಚೀಲದಾಗ ನೀರಿಲ್ಲ ಅಂತ ನನಗೇನು ಗೊತ್ತು?" ಎಂದೆ. ಅಳುತ್ತ ಹೇಳಿದೆ. ಅಳು ಸುಳ್ಳಿರಲಿಲ್ಲ, ಭಯದ್ದು. ಆದರೆ ಅದು ಮಾತನ್ನು ನಿಜ ಮಾಡಿಬಿಟ್ಟಿತು.

ಕಾಕಾ ಶಾಂತತ್ತಿಯ ಮೇಲೆ ಹರಿಹಾಯ್ದ. "ಸೆನ್ಸ್ ಐತೇನಕ್ಕಾ ನಿನಗ? ಮಕ್ಕಳನ್ನ ಕರಕೊಂಡು ಬಂದು ನೀರು ಮರೀತಾರೇನು? ಖಾಲಿ ಬಾಟ್ಲಿ ಕಟ್ಟಿಕೊಂಡು ಗುಡ್ಡ ಹತ್ತಿಸೀದಿ!" ಅಪ್ಪ ಅವನ ತೋಳು ಹಿಡಿದ. ಶಾಂತತ್ತಿ ಬಾಟಲಿಯನ್ನೇ ನೋಡುತ್ತ ನಿಂತಿದ್ದಳು. ಹರಿಯುವ ಸಾವಿರ ಗುಳಿಗೆಗಳಲ್ಲಿ ಇಲ್ಲದ ಒಂದನ್ನು ಕಾಣುವ ಅವಳ ಕಣ್ಣು ಆಗ ಏನನ್ನು ಹುಡುಕುತ್ತಿತ್ತೋ. ಕೊನೆಗೆ, "ಮರತೆ ಅಂತ ಕಾಣತೈತಪಾ. ನಂದ ತಪ್ಪು" ಎಂದಳು. ತನ್ನ ಕ್ಯಾನಿನಲ್ಲಿ ಉಳಿದಿದ್ದ ನೀರನ್ನು ನನಗೂ ಪೂಜಾಳಿಗೂ ಸಮನಾಗಿ ಕುಡಿಸಿದಳು. ಅಪ್ಪ ಕೇಳಿದಾಗ "ನಾ ಈಗ ಕುಡದೆ" ಎಂದಳು. ನಾನು ಆ ನೀರನ್ನೂ ಕುಡಿದೆ.

ಇಳಿಜಾರಿನಲ್ಲಿ ಒಂದು ತಾಸಿನೊಳಗೆ ಅವಳ ನಡಿಗೆ ಅಡ್ಡಾದಿಡ್ಡಿಯಾಯಿತು. ಅಪ್ಪನನ್ನು ಅಜ್ಜನೆಂದು ತಿಳಿದು ಕರೆದಳು. ಆಮೇಲೆ ಒಂದು ಬಂಡೆಗೆ ಒರಗಿ ಕುಸಿದಳು. ಎರಡೂ ಕಾಲುಗಳು ಸೆಟೆದುಕೊಂಡವು, ಬಾಯಿಂದ ಹಳದಿ ನೀರು ಬಂತು. ಅಪ್ಪ ಕ್ಯಾನುಗಳನ್ನು ಹಿಡಿದು ಕಣಿವೆಯತ್ತ ಓಡಿದ. ಕಾಕಾ ತನ್ನ ಅಂಗಿ ಬಿಚ್ಚಿ ಅವಳಿಗೆ ಗಾಳಿ ಬೀಸುತ್ತ, "ಅಕ್ಕಾ, ಅಕ್ಕಾ" ಎನ್ನುತ್ತಿದ್ದ. ಬೈದ ಬಾಯಿ ಒಣಗಿ ಬಿಳಿಯಾಗಿತ್ತು. ಆಗಲೂ ನಾನು ಹೇಳಬಹುದಿತ್ತು. ಹೇಳಿದ್ದರೆ ನೀರೇನೂ ಬರುತ್ತಿರಲಿಲ್ಲ, ನಿಜ. ಆದರೆ ಅವಳು ಅರೆಗಣ್ಣು ತೆರೆದು ನನ್ನ ಕಡೆ ನೋಡಿ, "ಗಿರಿ, ನೀ ಹೆದರಬ್ಯಾಡ. ನಿಂದೇನು ತಪ್ಪಿಲ್ಲ" ಎಂದಾಗ ನಾನು ಸುಮ್ಮನೆ ತಲೆಯಾಡಿಸಿದೆ. ಎರಡು ತಾಸಿನ ಮೇಲೆ ಅಪ್ಪ ಬಂದ. ಜೊತೆಗೆ ಕಣಿವೆಯ ಚೆಂಚು ಬುಡಕಟ್ಟಿನ ಹಟ್ಟಿಯ ಲಿಂಗಯ್ಯ ಎಂಬ ಮುದುಕ, ಸೋರೆಬುರುಡೆಯಲ್ಲಿ ನೀರು ತುಂಬಿಕೊಂಡು. ಅವನು ಒಂದು ಬಟ್ಟೆ ಅದ್ದಿ ಹನಿ ಹನಿಯಾಗಿ ಅವಳ ಬಾಯಿಗೆ ಹಿಂಡಿದ. "ಮೆಲ್ಲಗ ತಾಗು ತಲ್ಲೀ, ಮೆಲ್ಲಗ" ಎನ್ನುತ್ತಿದ್ದ ತೆಲುಗಿನಲ್ಲಿ, ಮೆಲ್ಲಗೆ ಕುಡಿ ತಾಯೀ ಎಂದು. ಕಂಬಳಿಯಲ್ಲಿ ಹಾಕಿ ಮೂವರೂ ಹೊತ್ತು ಇಳಿಸಿದರು. ಹಟ್ಟಿಯಿಂದ ಜೀಪು, ಜೀಪಿನಿಂದ ಆಸ್ಪತ್ರೆ. ಸಂಜೆಯ ಹೊತ್ತಿಗೆ ಅವಳ ಕೈಗೆ ಸಲೈನು ಏರಿತ್ತು.

ಅವಳು ಬದುಕಿದಳು. ನಾಲ್ಕನೆಯ ದಿನ ಮನೆಗೆ ಬಂದಳು. ಅವಳ ಕಾಲುಗಳಲ್ಲಿ ಶಕ್ತಿ ಮರಳಿತು, ಮುಖದಲ್ಲಿ ಬಣ್ಣ ಮರಳಿತು. ಆದರೆ ಕಾಕಾ ಬಂದು ಪಡಸಾಲೆಯಲ್ಲಿ ಕೂತು, "ಇನ್ನ ಸಾಕಕ್ಕಾ, ವಯಸ್ಸಾತು ನಿನಗ" ಎಂದಾಗ ಅವಳು ವಾದಿಸಲಿಲ್ಲ. ಮುಂದಿನ ದೀಪಾವಳಿ ಕಳೆದ ಮೇಲೆ ಅಪ್ಪ ಒಮ್ಮೆ ಕೇಳಿದ. "ಬ್ಯಾಡಪಾ, ನನ್ನ ತಲಿ ಮ್ಯಾಲೆ ನನಗ ಭರೋಸಾ ಇಲ್ಲ" ಎಂದಳು. ಅಪ್ಪ ಒಬ್ಬನೇ ಹೋಗಲಿಲ್ಲ. ಅಲ್ಲಿಗೆ ಆ ಮೂರು ದಿನಗಳು ನಮ್ಮ ಮನೆಯಿಂದ ಅಳಿಸಿಹೋದವು. ಅದಕ್ಕಿಂತ ಕೆಟ್ಟದ್ದೊಂದು ಮೆಲ್ಲಗೆ ಕಾಣತೊಡಗಿತು. ಹಾಲಿಗೆ ಹೆಪ್ಪು ಹಾಕಿದೆನೋ ಇಲ್ಲವೋ ಎಂದು ಅವಳು ಎರಡು ಸಲ ಮುಚ್ಚಳ ತೆಗೆದು ನೋಡುತ್ತಿದ್ದಳು. ಬೀಗ ಹಾಕಿ ಓಣಿಯ ತುದಿಗೆ ಹೋದವಳು ತಿರುಗಿ ಬಂದು ಎಳೆದು ನೋಡುತ್ತಿದ್ದಳು. ಕಾರ್ಖಾನೆಯಲ್ಲಿ ತಾನು ನೋಡಿದ ಹಾಳೆಗಳನ್ನು ಪಕ್ಕದವಳಿಂದ ಮತ್ತೊಮ್ಮೆ ನೋಡಿಸುತ್ತಿದ್ದಳಂತೆ. ಒಂದು ವರ್ಷದೊಳಗೆ ತಾನೇ ಕೇಳಿಕೊಂಡು ತಪಾಸಣೆ ಬಿಟ್ಟು, ಡಬ್ಬಿಗಳಿಗೆ ಅಂಟುಪಟ್ಟಿ ಹಚ್ಚುವ ಕಡೆ ಹೋಗಿ ನಿಂತಳು. "ಅಲ್ಲಿ ತಪ್ಪಿದ್ರ ಯಾರ ಜೀವಕ್ಕೂ ಏನಾಗೂದಿಲ್ಲ" ಎಂದು ಅವ್ವನಿಗೆ ಹೇಳುವುದನ್ನು ನಾನು ಪುಸ್ತಕದ ಹಿಂದೆ ಮುಖವಿಟ್ಟುಕೊಂಡು ಕೇಳಿದೆ. ಪೂಜಾ ಮತ್ತು ನಾನು ಹಬ್ಬಗಳಲ್ಲಿ ಎದುರಾದರೆ ಒಬ್ಬರನ್ನೊಬ್ಬರು ನೋಡದೆ ಬೇರೆ ಬೇರೆ ಕೋಣೆಗಳಿಗೆ ಹೋಗುತ್ತಿದ್ದೆವು.

ಒಂಬತ್ತು ವರ್ಷ ಕಳೆದ ಮೇಲೆ ನಾನು ಹೇಳಿದೆ. ಆಗ ನನಗೆ ಇಪ್ಪತ್ತೊಂದು. ಒಂದು ಸಂಜೆ ಪಡಸಾಲೆಯಲ್ಲಿ ಇಬ್ಬರೂ ಮೆಂತ್ಯೆಸೊಪ್ಪು ಬಿಡಿಸುತ್ತ ಕೂತಿದ್ದೆವು. ಅವಳು ಬಿಡಿಸಿದ ಎಲೆಗಳನ್ನು ನನ್ನ ಮುಂದೆ ಸರಿಸಿ, "ಹುಳಾ ಅದಾವೇನು ನೋಡವ್ವಾ, ನನಗ ಕಾಣೂದಿಲ್ಲ" ಎಂದಳು. ಆ ಎಲೆಗಳಲ್ಲಿ ಒಂದೂ ಹುಳ ಇರಲಿಲ್ಲ. "ಅತ್ತಿ, ಅವತ್ತ ಗುಡ್ಡದಾಗ ನೀ ನೀರು ತುಂಬಿದ್ದಿ. ನಾ ಚೆಲ್ಲಿದೆ. ಒಜ್ಜಿ ಆಗತೈತಿ ಅಂತ" ಎಂದೆ. ಅವಳ ಕೈ ಸೊಪ್ಪಿನಲ್ಲೇ ಇತ್ತು.

"ಎರಡೂ ಬಾಟ್ಲಿ?"

"ಎರಡೂ."

"ಬಿರಡಿ ನಾ ಬಿಗಿ ಮಾಡಿದ್ದೆ?"

"ಮಾಡಿದ್ದಿ. ಬೋರಲ ಹಿಡದು ನೋಡಿದ್ದಿ."

ತಲೆ ಸವರಿ ಕ್ಷಮಿಸಿಬಿಡುತ್ತಾಳೆಂದು ನಾನು ಕಾದಿದ್ದೆ. ನಿಜ ಹೇಳಬೇಕೆಂದರೆ ಅದಕ್ಕಾಗಿಯೇ ಹೇಳಿದ್ದೆ. ಅವಳು ಮುಖವೆತ್ತಿದಾಗ ನಾನು ಹಿಂದೆಂದೂ ನೋಡಿರದ ಸಿಟ್ಟು ಅಲ್ಲಿತ್ತು. "ಒಂಬತ್ತು ವರ್ಷ ನಾ ನನ್ನ ಕೈ ನಾನ ನಂಬಲಿಲ್ಲ. ನೀ ಬಾಜೂಕ ಮಲಗಿ ನೋಡಿಕೋತ ಇದ್ದಿ" ಎಂದಳು. ಆಮೇಲೆ ಧ್ವನಿ ಇಳಿಸಿ, "ನನ್ನ ಮುಂದ ಹೇಳಿದ್ರ ಏನ ಬಂತು? ನನಗ ಅಂದವನ ಮುಂದ ಹೇಳು. ನಿಮ್ಮಪ್ಪಗ ಹೇಳು. ನಿನ್ನ ಕಾಕಾಗ ಹೇಳು" ಎಂದು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಅಪ್ಪನಿಗೆ ಅಂದೇ ಹೇಳಿದೆ. ಅವನು ನನ್ನನ್ನು ಬೈಯಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಹೋಗಿ ನಿಂತು, "ಅಕ್ಕಾ" ಎಂದ. ಕಾಕಾ ಆಗ ಪುಣೆಗೆ ಹೋಗಿ ನೆಲೆಸಿದ್ದ. ಒಂದು ಫೋನು ಮಾಡಿದರೆ ಮುಗಿಯುತ್ತಿತ್ತು. ಆದರೆ ಗಚ್ಚಿಬೌಲಿಯ ಒಂದು ಆಫೀಸಿನಲ್ಲಿ ನನ್ನ ಮೊದಲ ಕೆಲಸಕ್ಕೆ ಅವನೇ ಯಾರಿಗೋ ಹೇಳಿದ್ದ. "ನಮ್ಮ ಮನಿಯಾಗ ಶಾಣ್ಯಾಕಿ ಅಂದ್ರ ಗಿರಿಜಾ" ಎನ್ನುತ್ತಿದ್ದ. ಆ ಮಾತನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಈ ವಾರ, ಮುಂದಿನ ವಾರ ಎಂದುಕೊಂಡೆ. ಒಂದು ಭಾನುವಾರ ಶಾಂತತ್ತಿ ಕೇಳಿದಳು, "ಫೋನ್ ಮಾಡಿದೇನು?" ನಾನು "ಹತ್ತಲಿಲ್ಲ ಅತ್ತಿ" ಎಂದೆ. ಇನ್ನೊಂದು ಭಾನುವಾರ ಕೇಳಿದಳು. ಮೂರನೆಯ ಸಲ ಕೇಳಲಿಲ್ಲ. ಕೇಳುವುದು ತನಗೇ ಅವಮಾನ ಎಂದುಕೊಂಡಿರಬೇಕು. ತಾನೇ ತಮ್ಮನಿಗೆ ಹೇಳಲೂ ಇಲ್ಲ. ಹನ್ನೆರಡು ವರ್ಷದವಳ ಸುಳ್ಳಿಗೆ ವಯಸ್ಸಿನ ನೆಪ ಇತ್ತು. ಇಪ್ಪತ್ತೊಂದರ ಆ ಮೌನಕ್ಕೆ ನಾನು ಯಾವ ನೆಪ ಹೇಳಲಿ? ಒಂದೂವರೆ ವರ್ಷ ಕಳೆಯಿತು. ಒಂದು ಮುಂಜಾನೆ ಬಚ್ಚಲಿಗೆ ಹೋಗುವಾಗ ಎದೆ ಹಿಡಿದುಕೊಂಡು ಕೂತ ಶಾಂತತ್ತಿ ಮತ್ತೆ ಏಳಲಿಲ್ಲ.

ಅವಳ ದಿನದ ಕರ್ಮ ಮಾಡುವ ಹೊತ್ತಿಗೆ ಎಲ್ಲರೂ ಬಂದಿದ್ದರು. ಕಾರ್ಖಾನೆಯ ಹೆಂಗಸರು, ಊರಿನವರು, ಪುಣೆಯಿಂದ ಕಾಕಾ, ಪೂಜಾ. ಬೇವಿನ ಮರದ ಕೆಳಗೆ ಚಾಪೆ ಹಾಸಿ ಊಟಕ್ಕೆ ಕೂತಿದ್ದರು. ಅವಳ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾಗ ಕಾಕಾ ಕಣ್ಣೊರೆಸಿಕೊಂಡು ನಕ್ಕ. "ಪಾಪ, ಒಮ್ಮೆ ಏನ್ ಮಾಡಿದ್ಲು ಗೊತ್ತೇನ್ರಿ, ಕಾಡಿನ್ಯಾಗ ಖಾಲಿ ಬಾಟ್ಲಿ ಕಟ್ಟಿಕೊಂಡು ನಮ್ಮನ್ನೆಲ್ಲಾ ಗುಡ್ಡ ಹತ್ತಿಸಿದ್ಲು. ನೀರು ತುಂಬೂದ ಮರತಿದ್ಲು!" ಪ್ರೀತಿಯಿಂದಲೇ ಹೇಳಿದ. ಎಲ್ಲರೂ ನಕ್ಕರು. ನನ್ನ ಕೈಯಲ್ಲಿ ಸಾರಿನ ಪಾತ್ರೆಯಿತ್ತು. ಅದನ್ನು ಕೆಳಗಿಟ್ಟೆ.

"ಆಕಿ ಮರತಿರಲಿಲ್ಲ ಕಾಕಾ. ತುಂಬಿದ್ಲು. ನಾ ಚೆಲ್ಲಿದ್ದೆ" ಎಂದೆ.

ನಗು ನಿಂತಿತು. ಯಾರೋ ಒಬ್ಬ ಹಿರಿಯರು, "ಈಗ್ಯಾಕವ್ವಾ ಅದೆಲ್ಲಾ, ಬಿಡು, ಊಟಾ ಮಾಡಾಕತ್ತಾರ" ಎಂದರು. ಪೂಜಾ ಎಲೆಯ ಮುಂದಿನಿಂದ ಎದ್ದು ಹೋದಳು. ಕಾಕಾ ನನ್ನನ್ನೇ ನೋಡುತ್ತಿದ್ದ. ಕಲಸಿದ ಅನ್ನ ಅವನ ಬೆರಳುಗಳಲ್ಲಿ ಹಾಗೇ ಇತ್ತು. ಅವ್ವ ಬಂದು ಸಾರಿನ ಪಾತ್ರೆ ಎತ್ತಿಕೊಂಡು ಮುಂದಿನವರಿಗೆ ಬಡಿಸುತ್ತ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಮಾತು ಶುರುವಾಯಿತು, ಬೇರೆ ಯಾವುದರದ್ದೋ.

ಎಲ್ಲರೂ ಹೋದ ಮೇಲೆ ಕಾಕಾ ಹಿತ್ತಲಿಗೆ ಬಂದ. ನಾನು ಪಾತ್ರೆ ತೊಳೆಯುತ್ತಿದ್ದೆ. ಅವನು ಬೈಯಲಿ ಎಂದು ಕಾದೆ.

"ನಾ ಆಕಿಗೆ ಅವತ್ತ ಭಾಳ ಅಂದಿದ್ದೆ" ಎಂದ. "ಆಮ್ಯಾಲೂ ಅಂದೀನಿ. ಮಂದಿ ಮುಂದ ಎಷ್ಟು ಸಲ ನಕ್ಕೀನಿ. ಆಕೀನೂ ಕೂಡ ನಗತಿದ್ಲು." ಅವನು ತೊಳೆದ ಪಾತ್ರೆಯೊಂದನ್ನು ಎತ್ತಿ ಬೋರಲು ಹಾಕಿದ. "ನೀ ಮೊದಲ ಹೇಳಿದ್ರ ನಾ ಹೋಗಿ ಆಕಿ ಕಾಲ ಹಿಡೀತಿದ್ನಲ್ಲವ್ವಾ. ಅದನ್ನೂ ಇಲ್ಲದಂಗ ಮಾಡಿದಿ."

ಅವನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟ. ಆಮೇಲೂ ಅವನು ನಮ್ಮ ಮನೆಗೆ ಬಂದಿದ್ದಾನೆ, ನನ್ನ ಮದುವೆಯಲ್ಲಿ ಓಡಾಡಿ ದುಡಿದಿದ್ದಾನೆ, ಆ ಮಾತನ್ನು ಮತ್ತೆಂದೂ ಎತ್ತಿಲ್ಲ. ನನ್ನನ್ನು ಶಾಣ್ಯಾಕಿ ಎಂದೂ ಮತ್ತೆ ಕರೆದಿಲ್ಲ. ಮೆಟ್ರೊ ಬಂದು ಮನೆ ಬಿತ್ತು, ಮರ ಬಿತ್ತು. ಅಪ್ಪ ಈಗ ಓಣಿಯ ತುದಿಯವರೆಗೆ ನಡೆಯಲೂ ಕೋಲು ಹಿಡಿಯುತ್ತಾನೆ. ದೀಪಾವಳಿ ಕಳೆದು ಬೆಳಗಿನ ಗಾಳಿ ಒಣಗತೊಡಗಿದಾಗ ಅವನು ಈಗಿನ ಫ್ಲಾಟಿನ ಗ್ಯಾಲರಿಯಲ್ಲಿ ಕೂತು ನಲ್ಲಮಲವಿರುವ ತೆಂಕಣ ದಿಕ್ಕಿನ ಕಟ್ಟಡಗಳನ್ನು ಬಹಳ ಹೊತ್ತು ನೋಡುತ್ತಾನೆ. ನಾನು ಚಹಾ ಕೊಟ್ಟು ಪಕ್ಕದಲ್ಲಿ ಕೂರುತ್ತೇನೆ. "ಈ ದಿನದಾಗ ನಮ್ಮಕ್ಕ ಇಷ್ಟೊತ್ತಿಗೆಲ್ಲಾ ಎಬ್ಬಿಸಿಬಿಡತಿದ್ಲು" ಎನ್ನುತ್ತಾನೆ. ಹೌದಪ್ಪಾ, ಎನ್ನುತ್ತೇನೆ. ಚಹಾ ಆರುವವರೆಗೂ ಇಬ್ಬರೂ ಹಾಗೇ ಕೂತಿರುತ್ತೇವೆ.